ಮೊದಲ ನಾಲ್ಕು ಸೆಕೆಂಡು

ತೋಳಿಗೆ ಏನೋ ಅಂಟಿಕೊಂಡಿದೆ, ಪೆನ್ಸಿಲ್ ಹೆರೆದ ಸುರುಳಿ, ಅಂಚಿನಲ್ಲಿ ಕೂದಲೆಳೆಯಷ್ಟು ಕೆಂಪು, ಬೆಳಿಗ್ಗೆ ಅಡುಗೆಮನೆಯ ಮೇಜಿನಲ್ಲಿ ಮಗಳು ಮೆಂಡರ್ ತಿರುಗಿಸುತ್ತ ಕೂತಿದ್ದಳು, ನಾನು ಅವಳ ಡಬ್ಬಿ ತುಂಬುತ್ತಿದ್ದೆ, ಆಗಲೇ ಹತ್ತಿರಬೇಕು, ನನ್ನ ಜೊತೆಗೇ ಬಸ್ಸು ಹತ್ತಿ, ಗ್ಯಾರೇಜಿನ ಗೇಟು ದಾಟಿ, ಹಾಜರಿ ಕೊಟ್ಟು, ಈ ಮೇಜಿನವರೆಗೂ ಬಂದುಬಿಟ್ಟಿದೆ — ಕೊಡವಿಬಿಡಬಹುದು, ಎರಡು ಬೆರಳಿನ ಕೆಲಸ, ಆದರೆ ಕೊಡವಿದರೆ ಎಲ್ಲಿ ಬೀಳುತ್ತದೆ, ನೇರವಾಗಿ ತೆರೆದ ಎಂಜಿನ್ನಿನ ಹೊಟ್ಟೆಯೊಳಗೆ, ಇವತ್ತೇ, ಇವರೆಲ್ಲರ ಕಣ್ಣೆದುರಿಗೇ, ಆಮೇಲೆ ಮ್ಯಾನೇಜರಿಗೆ ಬೇರೆ ಸಾಕ್ಷಿಯೇ ಬೇಡ, ನೋಡಿ ಸಾರ್, ನಾನು ಹೇಳಲಿಲ್ವಾ, ತೋಳಲ್ಲೇ ಕಸ ಹೊತ್ಕೊಂಡು ಓಡಾಡ್ತಾಳೆ — ಬೇಡ, ತೋಳನ್ನು ಪಕ್ಕೆಗೆ ಒತ್ತಿಕೊಂಡು ನಿಲ್ಲು, ಕಂಕುಳಲ್ಲಿ ಥರ್ಮಾಮೀಟರ್ ಇಟ್ಟುಕೊಂಡ ಮಗುವಿನ ಹಾಗೆ, ಅಲ್ಲಾಡಬೇಡ. ಎಂಜಿನ್ನು ತಲೆಕೆಳಗಾಗಿ ಮಲಗಿದೆ, ಮೂರು ಲಕ್ಷ ಕಿಲೋಮೀಟರ್ ಓಡಬೇಕಾದದ್ದು ಮೂವತ್ತೆಂಟು ಸಾವಿರಕ್ಕೇ ಸತ್ತು ಮಲಗಿದೆ, ಕಂಪನಿಯಿಂದ ಬಂದ ಪರೀಕ್ಷಕ, ನನಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವನು, ಬಿಳಿ ಗ್ಲೌಸು ತೊಟ್ಟು ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ ಸ್ಟೀಲ್ ತಟ್ಟೆಯಲ್ಲಿ ಸಾಲಾಗಿ ಜೋಡಿಸುತ್ತಿದ್ದಾನೆ, ಒಳ್ಳೆಯ ಕೈ, ಅವಸರವಿಲ್ಲದ ಕೈ, ಆ ಕೈಯ ಮೇಲೇ ಈಗ ನನ್ನ ಅನ್ನ ನಿಂತಿದೆ. ಮ್ಯಾನೇಜರ್ ಕೋಣೆಯ ಪ್ರಿಂಟರಿನಲ್ಲಿ ನನ್ನ ಹೆಸರಿನ ಕಾಗದವನ್ನು ನಿನ್ನೆಯೇ ನೋಡಿದ್ದೇನೆ, ನಿರ್ವಹಣೆಯಲ್ಲಿನ ನಿರ್ಲಕ್ಷ್ಯದ ಕಾರಣ ಕೆಲಸದಿಂದ ತೆಗೆದುಹಾಕಲಾಗಿದೆ, ತಾರೀಕಿನ ಜಾಗ ಮಾತ್ರ ಖಾಲಿ — ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಬರೆ ಹಾಕುವ ಕಬ್ಬಿಣ ಆಗಲೇ ಕಾಯುತ್ತಿದೆ, ಎತ್ತಿನ ಹೊಟ್ಟೆ ಈಗಷ್ಟೇ ತೆರೆಯುತ್ತಿದ್ದಾರೆ.

ಡಾಕ್ಟರಮ್ಮ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದಾರೆ, ತೊಡೆಯ ಮೇಲೆ ನೀಲಿ ಫೈಲು, ನಲವತ್ತು ವರ್ಷ ಮಕ್ಕಳ ಡಾಕ್ಟರಾಗಿ ದುಡಿದು ನಿವೃತ್ತಿಯ ದಿನ ತಮಗೆ ತಾವೇ ಕೊಟ್ಟುಕೊಂಡ ಕಾರು, ಬೆಳ್ಳಿ ಬಣ್ಣ, ಬಾಗಿಲು ಮುಚ್ಚಿದರೆ ಸದ್ದಲ್ಲ, ನಿಟ್ಟುಸಿರು, ಒಳಗೆ ಕೂತರೆ ಹೊರಗಿನ ಜಗತ್ತಿಗೆ ಯಾರೋ ಹೊದಿಕೆ ಹೊದಿಸಿದ ಹಾಗೆ, ಮೊದಲ ಸಲ ಬಂದಾಗ ನನ್ನ ಕೈ ನೋಡಿದ್ದರು, ಉಗುರು ನೋಡಿದ್ದರು, ಆಮೇಲೆ ಬೀಗದ ಕೈ ಕೊಟ್ಟಿದ್ದರು, ಇದನ್ನ ನೀವೇ ನೋಡ್ಕೋಬೇಕಮ್ಮ, ಬೇರೆಯವರ ಕೈಗೆ ಕೊಡಬೇಡಿ. ಕಂಪನಿ ಹೇಳಿದ್ದಕ್ಕಿಂತ ಎರಡು ಪಟ್ಟು ಸಲ ಆಯಿಲ್ ಬದಲಾಯಿಸಿದವರು, ಚಕ್ರದ ಗಾಳಿಯನ್ನು ಸೋಮವಾರ ಸೋಮವಾರ ನೋಡಿದವರು, ನಾಲ್ಕು ವರ್ಷದಲ್ಲಿ ಒಂದು ಗೀರು ಬೀಳದಂತೆ ಕಾಪಾಡಿದವರು, ಅಂಥವರ ಕಾರು ದೊಡ್ಡ ರಸ್ತೆಯ ನಡುವೆ ಲೊಟಲೊಟ ಬಡಿದುಕೊಂಡು, ಒಂದು ಸಲ ಕಿರುಚಿ, ನಿಂತುಬಿಟ್ಟಿತು, ಎಳೆದು ತಂದ ದಿನ ನನ್ನ ಮುಖ ನೋಡಿ ಕೇಳಿದರು, ನಾನೇನು ತಪ್ಪು ಮಾಡ್ದೆ ಹೇಳಿ, ಏನಾದ್ರೂ ಬಿಟ್ಟುಬಿಟ್ನಾ — ಸಾವಿರ ತಾಯಂದಿರಿಗೆ ಇದೇ ಪ್ರಶ್ನೆಗೆ ಉತ್ತರ ಹೇಳಿದವರು ನನ್ನ ಹತ್ತಿರ ಉತ್ತರ ಕೇಳುತ್ತಿದ್ದಾರೆ, ನನಗೆ ಹೇಳಬೇಕೆನಿಸಿತ್ತು, ಅಮ್ಮಾ, ನೀವು ಮಾಡಿದ ತಪ್ಪು ಒಂದೇ, ಮರ್ಯಾದೆ. ಹೌದು, ಮರ್ಯಾದೆ. ಸರ್ವೀಸಿಗೆ ತರುವ ದಿನ ಮನೆಯಲ್ಲೇ ಹದಿನೈದು ನಿಮಿಷ ಎಂಜಿನ್ ಓಡಿಸಿ, ಬಿಸಿ ಮಾಡಿ, ನಯವಾಗಿ ಗುರುಗುಡುವ ಹಾಗೆ ಮಾಡಿಕೊಂಡು ತರುತ್ತಿದ್ದರು, ನೆಂಟರ ಮನೆಗೆ ಮಗುವಿನ ತಲೆ ಬಾಚಿ ಕರೆದೊಯ್ಯುವ ಹಾಗೆ, ಅದರ ಕಾಯಿಲೆ ಇದ್ದದ್ದು ತಣ್ಣಗಿದ್ದಾಗ, ಮೊದಲ ನಾಲ್ಕು ಸೆಕೆಂಡು ಮಾತ್ರ.

ನಾನಾದರೂ ಕೇಳಿಸಿಕೊಂಡದ್ದು ಹೇಗೆ, ಒಂದು ಸಲ ಕಾರು ರಾತ್ರಿ ಇಲ್ಲೇ ಉಳಿಯಿತು, ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬರುವವಳು ನಾನೇ, ಮಗಳ ಶಾಲೆಯ ಬಸ್ಸು ಆರೂಮುಕ್ಕಾಲಿಗೆ, ಅದರ ಹಿಂದೆಯೇ ನನ್ನದು, ಶಟರ್ ಎತ್ತಿದರೆ ಇಡೀ ಗ್ಯಾರೇಜಿನಲ್ಲಿ ನಾನು ಮತ್ತು ನನ್ನ ಚಹಾದ ಲೋಟ, ಆ ಮೌನ ನನಗಿಷ್ಟ, ದಿನದಲ್ಲಿ ನನ್ನದೆಂದು ಇರುವುದು ಅದೊಂದೇ ಅರ್ಧ ಗಂಟೆ — ತೊಳೆಯುವ ಕಡೆಗೆ ಒಯ್ಯಲು ಕಾರು ಚಾಲೂ ಮಾಡಿದೆ, ಟಕ್. ಟಕ್, ಟಕ್, ಟಕ್. ಆಮೇಲೆ ಏನೂ ಇಲ್ಲ, ರೇಷ್ಮೆ. ಯಾರೋ ಬಾಗಿಲು ತಟ್ಟಿ ಮನಸ್ಸು ಬದಲಾಯಿಸಿ ಹೋದ ಹಾಗೆ. ಮುಂದಿನ ಸರ್ವೀಸಿಗೂ ಬೇಕೆಂದೇ ಒಂದು ರಾತ್ರಿ ಉಳಿಸಿಕೊಂಡೆ, ಅದರ ಮುಂದಿನದಕ್ಕೂ, ಮೂರು ಸಲವೂ ಅದೇ, ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಇಟ್ಟು ಹಿಡಿಯನ್ನು ಕಿವಿಗೆ ಒತ್ತಿ ಕೇಳಿದೆ, ನಾಲ್ಕನೆಯ ಸಿಲಿಂಡರಿನ ಕೆಳಗಿನಿಂದ, ಅಲ್ಲಿಂದಲೇ — ಕೆಲಸ ಕಲಿಸಿದ ಮೇಸ್ತ್ರಿ ಹೇಳಿದ್ದ, ಸದ್ದು ಸುಳ್ಳು ಹೇಳಲ್ಲ ಕಣಮ್ಮ, ಕೇಳೋರು ತಮಗೆ ತಾವೇ ಸುಳ್ಳು ಹೇಳ್ಕೋತಾರೆ. ಮ್ಯಾನೇಜರ್ ಹತ್ತಿರ ಹೋದೆ, ಅವನು ಲ್ಯಾಪ್‌ಟಾಪಿನ ತಂತಿ ಸಿಕ್ಕಿಸಿದ, ಅಷ್ಟು ಹೊತ್ತಿಗೆ ಎಂಜಿನ್ನು ಬಿಸಿಯಾಗಿತ್ತು, ಪರದೆ ತುಂಬ ಹಸಿರು, ನೋಡಮ್ಮ ಕಿವಿಯಮ್ಮ, ಹಸಿರು, ಹಸಿರು, ಹಸಿರು, ಕಂಪ್ಯೂಟರಿಗೆ ಕಾಣದ್ದು ನಿನ್ನ ಕಿವಿಗೆ ಕಾಣುತ್ತಾ, ಎಲ್ಲರೂ ನಕ್ಕರು, ಅವತ್ತಿನಿಂದ ಅದೇ ನನ್ನ ಹೆಸರಾಯಿತು, ಏನ್ ಕಿವಿಯಮ್ಮ, ಇವತ್ತು ಯಾವ ಕಾರು ಏನು ಹಾಡ್ತು. ಕಂಪ್ಯೂಟರಿನಲ್ಲಿ ಸದ್ದು ಬರೆಯುವ ಜಾಗವೇ ಇಲ್ಲ, ಅದಕ್ಕೆ ಜಾಬ್ ಕಾರ್ಡಿನ ಕೊನೆಯ ಸಾಲಿನಲ್ಲಿ, ಸಹಿಯ ಕೆಳಗೆ, ಪೆನ್ನಿನಲ್ಲಿ ಒತ್ತಿ ಬರೆದೆ, ಅಡಿಯ ಪ್ರತಿಯವರೆಗೂ ಮೂಡಲಿ ಎಂದು, ಮೂರು ಸಲ. ಆಫೀಸಿನ ಪ್ರತಿ ಸಿಗುತ್ತಿಲ್ಲವಂತೆ. ಸಿಗುವುದಿಲ್ಲ, ನನಗೆ ಗೊತ್ತು.

ಮೊದಲನೆಯ ಬೇರಿಂಗ್ ಹೊರಗೆ ಬಂತು, ಅರ್ಧಚಂದ್ರದ ಹಾಗೆ ಬಾಗಿದ ತೆಳು ತಗಡು, ಪರೀಕ್ಷಕ ಬಟ್ಟೆಯಲ್ಲಿ ಒರೆಸಿ ದೀಪದ ಕೆಳಗೆ ಹಿಡಿದ, ಕನ್ನಡಿ, ಅವನ ಮುಖವೇ ಅದರಲ್ಲಿ ಕಾಣುತ್ತದೆ, ಎರಡನೆಯದೂ ಕನ್ನಡಿ, ಮೂರನೆಯದೂ, ನನ್ನ ಎದೆ ಒಂದೊಂದೇ ಮೆಟ್ಟಿಲು ಹತ್ತುತ್ತಿದೆ, ಹತ್ತಬೇಡ, ಮೇಲಿಂದ ಬಿದ್ದರೆ ಜಾಸ್ತಿ ಪೆಟ್ಟು — ನಾಲ್ಕನೆಯದು ಬರುವುದೇ ಇಲ್ಲ, ಅಂಟಿಕೊಂಡಿದೆ, ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ತೆಗೆದ, ಕಪ್ಪು, ಸುಟ್ಟು ಕರಕಲು, ಅಂಚು ಹರಿದು ಸುರುಟಿಕೊಂಡಿದೆ, ಡಾಕ್ಟರಮ್ಮ ಅಯ್ಯೋ ಎಂದರು, ಮಗುವಿನ ಗಾಯ ನೋಡಿದ ಹಾಗೆ. ಮ್ಯಾನೇಜರ್ ಮುಂದೆ ಬಂದ, ಸ್ಪಷ್ಟವಾಗಿದೆಯಲ್ಲ ಸಾರ್, ಆಯಿಲ್ ಇಲ್ದೆ ಸುಟ್ಟಿದೆ, ಸರಿಯಾಗಿ ಬದಲಾಯಿಸಿಲ್ಲ, ಪರೀಕ್ಷಕ ತಲೆ ಎತ್ತದೆಯೇ ಹೇಳಿದ, ನಾಲ್ಕೂ ಕುಡಿಯೋದು ಒಂದೇ ಆಯಿಲ್ಲು, ಅದು ಕೆಟ್ಟಿದ್ರೆ ನಾಲ್ಕೂ ಸಾಯಬೇಕಿತ್ತು, ಮೂರು ಮದುವಣಗಿತ್ತಿ ಥರ ಇವೆ. ಶಭಾಷ್ ಮಗನೇ, ಬಾಯಿಯವರೆಗೆ ಬಂದದ್ದನ್ನು ನುಂಗಿದೆ. ಆದರೆ ಮ್ಯಾನೇಜರ್ ಅಷ್ಟಕ್ಕೆ ಬಿಡುವ ಆಸಾಮಿಯೇ, ಹಾಗಾದ್ರೆ ನಾಲ್ಕನೇದರ ದಾರೀಲಿ ಕಸ ಸಿಕ್ಕಿಕೊಂಡಿದೆ ಸಾರ್, ಆಯಿಲ್ ಫಿಲ್ಟರ್ ಬದಲಾಯಿಸೋವಾಗ ಒರೆಸೋ ಬಟ್ಟೆ ದಾರವೋ ಏನೋ ಒಳಗೆ ಬಿಟ್ಟಿದ್ದಾಳೆ, ಯಾರು ಮಾಡಿದ್ದು ಅಂತ ಎಲ್ಲ ಕಂಪ್ಯೂಟರಲ್ಲಿದೆ, ಪ್ರತಿ ಸಲವೂ ಇವಳೇ. ಪ್ರತಿ ಸಲವೂ ನಾನೇ. ಹೌದು. ಪರೀಕ್ಷಕ ಮೊದಲ ಬಾರಿಗೆ ನನ್ನ ಕಡೆ ನೋಡಿದ, ಅವನ ಕಣ್ಣು ನನ್ನ ತೋಳಿನ ಮೇಲೆ ಒಂದು ಕ್ಷಣ ನಿಂತ ಹಾಗಾಯಿತು, ನಾನು ಇನ್ನೂ ಒತ್ತಿ ಹಿಡಿದೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಕಾಣುತ್ತಿದ್ದೇನೆಯೇ, ಕಾಣಲಿ, ಏನು ಮಾಡಲಿ.

ದಾರ. ಒಂದು ದಾರ. ಬಿಟ್ಟಿರಬಹುದೇ ನಾನು, ಕಳೆದ ವರ್ಷ ಮಗಳಿಗೆ ಮೂರು ದಿನ ಜ್ವರವಿತ್ತು, ನಿದ್ದೆಯಿಲ್ಲದೆ ಬಂದಿದ್ದೆ, ಆ ವಾರ ಈ ಕಾರು ಇತ್ತೇ, ಇತ್ತು, ಬಟ್ಟೆ ಹರಿದಿತ್ತೇ, ಹಳೆಯ ಬನಿಯನ್ ತುಂಡು, ದಾರ ಬಿಡುವಂಥದ್ದೇ — ಇಲ್ಲ, ಕೈ ತೊಳೆದಿದ್ದೆ, ಆಯಿಲ್ ಹಾಕುವ ಬಾಯಿ ಮುಚ್ಚಿದ್ದೆ, ಹೊಸ ಫಿಲ್ಟರನ್ನು ದೀಪಕ್ಕೆ ಹಿಡಿದು ನೋಡಿದ್ದೆ, ನೋಡದೆ ಹಾಕಿದ್ದು ನೆನಪಿಲ್ಲ, ನೆನಪಿಲ್ಲ ಎಂದರೆ ಮಾಡಿಲ್ಲ ಎಂದು ಅರ್ಥವೇ, ಇದೇ ಕೋರ್ಟಿನಲ್ಲಿ ನಾನು ಮೊದಲೂ ನಿಂತಿದ್ದೇನೆ, ಒಂಬತ್ತು ವರ್ಷದಿಂದ ನಿಂತಿದ್ದೇನೆ, ಮಗಳಿಗೆ ಎಡಗಿವಿ ಕೇಳುವುದಿಲ್ಲ ಎಂದು ಗೊತ್ತಾದ ದಿನದಿಂದ, ಅತ್ತೆ ಸೊಪ್ಪು ಬಿಡಿಸುತ್ತ ಕೂತಿದ್ದರು, ತಲೆ ಎತ್ತದೆ ಹೇಳಿದರು, ಏಳು ತಿಂಗಳು ಹೊಟ್ಟೇಲಿಟ್ಕೊಂಡು ಆ ಕಬ್ಬಿಣದ ಗಲಾಟೇಲಿ ತಿರುಗಿದ್ರೆ ಮಗು ಕಿವಿ ಮುಚ್ಕೊಂಡೇ ಹುಟ್ಟುತ್ತೆ. ಆಸ್ಪತ್ರೆಯಲ್ಲಿ ಕಿವಿ ಡಾಕ್ಟರು ಚಿತ್ರ ಬರೆದು ತೋರಿಸಿದರು, ಒಳಗಿನ ಒಂದು ಎಲುಬು ಬೆಳೆದೇ ಇಲ್ಲಮ್ಮ, ಎರಡನೇ ತಿಂಗಳಲ್ಲೇ, ಯಾವ ಸದ್ದೂ ಕಾರಣ ಅಲ್ಲ, ನೀವೂ ಅಲ್ಲ, ಆ ಚಿತ್ರವನ್ನು ಅತ್ತೆಗೆ ತಂದು ತೋರಿಸಿದೆ, ಕನ್ನಡಕ ಹಾಕಿಕೊಂಡು ನೋಡಿದರು, ಚಿತ್ರ ಯಾರು ಬೇಕಾದ್ರೂ ಬರೀತಾರೆ. ನಿಜ, ಚಿತ್ರವನ್ನು ಯಾರು ಬೇಕಾದರೂ ಬರೆಯುತ್ತಾರೆ, ಆ ಇಲ್ಲದ ಎಲುಬನ್ನು ಬಿಚ್ಚಿ ತೆಗೆದು ತಟ್ಟೆಯಲ್ಲಿಟ್ಟು ತೋರಿಸಲು ಬರುವುದಿಲ್ಲವಲ್ಲ, ಎಲುಬು ಇಲ್ಲ ಎಂಬುದನ್ನು ಯಾವ ತಟ್ಟೆಯಲ್ಲಿಟ್ಟು ತೋರಿಸಲಿ. ಹಗಲೆಲ್ಲ ನಾನು ನಗುತ್ತೇನೆ, ಬಟ್ಟೆ ಮಡಚುವಾಗ ಮಾತ್ರ ಎಣಿಸುತ್ತೇನೆ, ಆ ತಿಂಗಳು ಎಷ್ಟು ದಿನ ತಗಡಿಗೆ ರಿವೆಟ್ ಹೊಡೆಯುವವರ ಪಕ್ಕ ನಿಂತಿದ್ದೆ, ಎಷ್ಟು ದಿನ. ಮಗಳಿಗೆ ಇದರ ಪರಿವೆಯೇ ಇಲ್ಲ, ಅವಳು ವಾಷಿಂಗ್ ಮೆಷಿನ್ನಿಗೆ ಅಂಗೈ ಇಟ್ಟು ಕೇಳುತ್ತಾಳೆ, ಅಮ್ಮಾ, ಇದಕ್ಕೆ ಹೊಟ್ಟೆನೋವು ಅನ್ಸುತ್ತೆ, ನೋಡಿದರೆ ಬೆಲ್ಟು ಸಡಿಲ, ಇವತ್ತು ಬೆಳಿಗ್ಗೆ ಪೆನ್ಸಿಲ್ ಚೂಪು ಮಾಡುತ್ತ, ಬಲಗಿವಿಯನ್ನು ನನ್ನ ಕಡೆ ತಿರುಗಿಸಿ, ಆ ಟಕ್ ಇವತ್ತು ಸಿಗುತ್ತಾ ಅಮ್ಮಾ, ಸಿಕ್ಕಿದ್ರೆ ಮನೆಗೆ ತರ್ತೀಯಾ.

ಕ್ರ್ಯಾಂಕ್ ಶಾಫ್ಟನ್ನು ಇಬ್ಬರು ಹಿಡಿದು ಎತ್ತಿ ಹೊರಗಿಟ್ಟಿದ್ದಾರೆ, ಎಂಜಿನ್ನಿನ ಬೆನ್ನೆಲುಬು, ಅದರ ಒಳಗೆ ಆಯಿಲ್ ಹರಿಯಲು ಕೊರೆದ ಸಣ್ಣ ಸಣ್ಣ ದಾರಿಗಳು, ಪೆನ್ಸಿಲಿನ ಕಡ್ಡಿ ಹೋಗುವಷ್ಟು, ಪರೀಕ್ಷಕ ತೆಳು ತಂತಿ ತೂರಿಸಿದ, ಒಂದು, ಸಲೀಸು, ಎರಡು, ಮೂರು, ಸಲೀಸು, ನಾಲ್ಕು — ನಿಂತಿತು. ಅರ್ಧ ದಾರಿಯಲ್ಲಿ. ನಾನು ಹೇಳಿದ ಜಾಗ. ಮ್ಯಾನೇಜರ್ ಗಂಟಲು ಸರಿಮಾಡಿಕೊಂಡ, ದಾರ ಸಾರ್, ನಾನು ಹೇಳಲಿಲ್ವಾ, ಗಾಳಿ ಹೊಡೀರಿ, ಹೊರಗೆ ಬರುತ್ತೆ, ಏರ್ ಪೈಪಿಗೆ ಕೈ ಹಾಕಿಯೇಬಿಟ್ಟ — ಬೇಡ. ಯಾರ ಧ್ವನಿ ಅದು, ನನ್ನದೇ. ಬೇಡ, ಗಾಳಿ ಹೊಡೀಬೇಡಿ, ಅದು ಎಲ್ಲಿಗೆ ಹಾರುತ್ತೋ ಗೊತ್ತಾಗಲ್ಲ, ಆಮೇಲೆ ಅದು ಏನಾಗಿತ್ತು ಅಂತ ಯಾರೂ ಹೇಳಕ್ಕಾಗಲ್ಲ, ಆ ದಾರಿಯ ತುದೀಲಿ ಮುಚ್ಚಳ ಇದೆ, ಕಾರ್ಖಾನೆಯವರು ಕೂರಿಸಿದ್ದು, ಆಮೇಲೆ ಯಾರೂ ಮುಟ್ಟಿಲ್ಲ, ಅದನ್ನ ತೆಗೀರಿ, ಎಲ್ಲರೂ ನೋಡೋ ಹಾಗೆ ತೆಗೀರಿ. ಗ್ಯಾರೇಜಿನಲ್ಲಿ ಸ್ಪ್ಯಾನರುಗಳ ಸದ್ದೆಲ್ಲ ನಿಂತಿದೆ, ಪೇಂಟಿನವರು, ತೊಳೆಯುವವರು, ಕಿವಿಯಮ್ಮ ಎಂದು ಕೂಗಿದವರೆಲ್ಲ ಮೇಜಿನ ಸುತ್ತ, ಏನು ಹೇಳಿಬಿಟ್ಟೆ ನಾನು, ಒಳಗಿರುವುದು ದಾರವೇ ಆಗಿದ್ದರೆ ನನ್ನ ಕುತ್ತಿಗೆಗೆ ನಾನೇ ಹಗ್ಗ ತೊಡಿಸಿಕೊಂಡ ಹಾಗೆ, ಪರೀಕ್ಷಕ ಏರ್ ಪೈಪನ್ನು ಮ್ಯಾನೇಜರ್ ಕೈಯಿಂದ ತೆಗೆದು ಪಕ್ಕಕ್ಕಿಟ್ಟ, ಮೇಡಂ ಹೇಳ್ತಿರೋದು ಸರಿ. ಮೇಡಂ. ನನ್ನನ್ನೇ.

ಶರ್ಟಿನ ಗುಂಡಿಯಷ್ಟು ಮುಚ್ಚಳ, ತಿರುಗುತ್ತಿಲ್ಲ, ಅವನ ಹಣೆಯಲ್ಲಿ ಬೆವರು, ತಿರುಗಿತು, ಬಂತು, ಕೆಳಗೆ ತಟ್ಟೆ ಹಿಡಿದು ಶಾಫ್ಟನ್ನು ಓರೆ ಮಾಡಿದ, ಕಪ್ಪು ಆಯಿಲ್ ಒಂದು ಹನಿ, ಇನ್ನೊಂದು ಹನಿ, ಏನೂ ಇಲ್ಲ, ಮತ್ತೊಂದು ಹನಿ — ದಾರವೇ, ದಾರವಾದರೆ ಸದ್ದಿರುವುದಿಲ್ಲ, ದಾರ ಸುಮ್ಮನೆ ಜಾರಿ ಬೀಳುತ್ತದೆ, ಮೆತ್ತಗೆ, ಸುಳ್ಳಿನ ಹಾಗೆ, ಆಮೇಲೆ ಪ್ರಿಂಟರಿನ ಕಾಗದದಲ್ಲಿ ತಾರೀಕು, ಆಮೇಲೆ ಅತ್ತೆಯ ಸೊಪ್ಪಿನ ತಟ್ಟೆ, ನಂಗೊತ್ತಿತ್ತು, ಎಲ್ಲಿ ಕೈಯಿಟ್ರೂ ಹಾಗೇ — ಶಾಫ್ಟನ್ನು ಇನ್ನೂ ಓರೆ ಮಾಡಿದ, ಬೆರಳಿನಲ್ಲಿ ಒಮ್ಮೆ ತಟ್ಟಿದ, ಟಿಣ್. ಅಷ್ಟೇ. ಸ್ಟೀಲಿನ ಮೇಲೆ ಸ್ಟೀಲು. ಇಡೀ ಗ್ಯಾರೇಜಿನಲ್ಲಿ ನನಗೆ ಮಾತ್ರ ಕೇಳಿಸಿತೇ, ಇಲ್ಲ, ಎಲ್ಲರಿಗೂ ಕೇಳಿಸಿತು, ಮೊದಲ ಸಲ ನನಗೆ ಕೇಳಿಸಿದ್ದು ಎಲ್ಲರಿಗೂ ಕೇಳಿಸಿತು. ಪರೀಕ್ಷಕ ಚಿಮಟದಲ್ಲಿ ಎತ್ತಿ ಬಿಳಿ ಬಟ್ಟೆಯ ಮೇಲಿಟ್ಟ, ಮೆಲ್ಲಗೆ ಒರೆಸಿದ, ಸುರುಳಿ, ಕಬ್ಬಿಣದ ಸುರುಳಿ, ಕಾರ್ಖಾನೆಯಲ್ಲಿ ಆ ದಾರಿಯನ್ನು ಕೊರೆದಾಗ ಡ್ರಿಲ್ಲಿನ ಬಾಯಿಂದ ಬಿಚ್ಚಿಕೊಂಡು, ತೊಳೆಯುವವರ ಕಣ್ಣು ತಪ್ಪಿಸಿ, ಒಳಗೇ ಉಳಿದು, ಮೇಲೆ ಮುಚ್ಚಳ ಬಿದ್ದು, ಬಣ್ಣ ಬಳಿದು, ಹೂವಿನ ಗುಚ್ಛ ಕಟ್ಟಿ ಡಾಕ್ಟರಮ್ಮನ ಕೈಗೆ ಕೊಡುವ ಮುಂಚೆಯೇ ಅಲ್ಲಿತ್ತು, ತಣ್ಣನೆಯ ಗಟ್ಟಿ ಆಯಿಲ್ ಅದನ್ನು ಸುತ್ತಿಕೊಂಡು ಹೋಗಲು ಬೇಕಾದದ್ದು ನಾಲ್ಕು ಸೆಕೆಂಡು, ಆ ನಾಲ್ಕು ಸೆಕೆಂಡು ದಿನಾ ಒಣಗಂಟಲಿನಲ್ಲಿ ಕೂಗಿತು, ಟಕ್, ಟಕ್, ನಾಲ್ಕು ವರ್ಷ. ಇದು ಫಿಲ್ಟರಿಂದ ಬಂದಿದ್ದಲ್ಲ, ಪರೀಕ್ಷಕ ಎಲ್ಲರಿಗೂ ಕೇಳುವ ಹಾಗೆ ಹೇಳಿದ, ಸರ್ವೀಸಿಂದ ಬಂದಿದ್ದೂ ಅಲ್ಲ, ಇದು ಹುಟ್ಟಿದಾಗಲೇ ಇದ್ದದ್ದು, ಮಾಡಿದವರ ತಪ್ಪು, ಸಾಕಿದವರದ್ದಲ್ಲ, ನಾನು ಹಾಗೇ ಬರೀತೀನಿ.

ಸಾಕಿದವರದ್ದಲ್ಲ. ಇನ್ನೊಂದು ಸಲ ಹೇಳಪ್ಪ. ಮಾಡಿದವರ ತಪ್ಪು ಎಂದನಲ್ಲ, ಮಗಳನ್ನು ಮಾಡಿದವಳೂ ನಾನೇ ಅಲ್ಲವೇ — ಅಲ್ಲ, ಆ ಕಾರ್ಖಾನೆಗೆ ಮೇಸ್ತ್ರಿಯೇ ಇಲ್ಲ, ಅಲ್ಲಿ ತಪ್ಪು ಎಂಬ ಮಾತೇ ಇಲ್ಲ, ಕಿವಿ ಡಾಕ್ಟರು ಅಷ್ಟೇ ಹೇಳಿದ್ದು, ಅವತ್ತು ನಾನು ಚಿತ್ರ ನೋಡಿದ್ದೆ, ಮಾತು ಕೇಳಿಸಿಕೊಂಡಿರಲಿಲ್ಲ, ಕಿವಿಯಮ್ಮನಂತೆ ಕಿವಿಯಮ್ಮ. ಮ್ಯಾನೇಜರ್ ಹೇಳುತ್ತಿದ್ದಾನೆ, ಆದ್ರೂ ಸಾರ್, ಇಂಥದ್ದು ಮೊದಲೇ ಯಾರಿಗೆ ಗೊತ್ತಾಗುತ್ತೆ, ಯಾರೂ ಕಂಡುಹಿಡಿಯಕ್ಕಾಗಲ್ಲ, ಆಗ ಡಾಕ್ಟರಮ್ಮ ಎದ್ದರು, ಫೈಲು ಬಿಚ್ಚಿದರು, ಕನ್ನಡಕ ಏರಿಸಿದರು, ಗುಲಾಬಿ ಬಣ್ಣದ ಪ್ರತಿಗಳು, ಗಿರಾಕಿಗೆ ಸೇರುವ ಅಡಿಯ ಪ್ರತಿ, ಒತ್ತಿ ಬರೆದದ್ದು ಮೂಡಿದ ಪ್ರತಿ, ಓದಿದರು, ತಣ್ಣಗಿರುವಾಗ ಚಾಲೂ ಮಾಡಿದರೆ ನಾಲ್ಕು ಸೆಕೆಂಡು ಟಕ್ ಎನ್ನುತ್ತದೆ, ನಾಲ್ಕನೆಯ ಸಿಲಿಂಡರ್ ಕೆಳಗೆ, ಬಿಚ್ಚಿ ನೋಡಬೇಕು — ಒಂದು, ಎರಡು, ಮೂರು ಕಾರ್ಡು, ಮೂರು ವರ್ಷ, ಸಹಿಯ ಕೆಳಗಿದ್ದದ್ದನ್ನ ನಾನೂ ನಿನ್ನೆ ರಾತ್ರಿಯೇ ಓದಿದ್ದು, ಇದು ಯಾರ ಕೈಬರಹ, ಮ್ಯಾನೇಜರೇ. ಅವನ ಮುಖದಲ್ಲಿ ಹಸಿರು ಇರಲಿಲ್ಲ. ಡಾಕ್ಟರಮ್ಮ ನನ್ನ ಕಡೆ ತಿರುಗಿದರು, ಬಿಸಿ ಮಾಡ್ಕೊಂಡು ತರ್ತಿದ್ದೆ ನಾನು, ಅಲ್ವಾ, ಜ್ವರದ ಔಷಧಿ ಕುಡಿಸಿ ಮಗೂನ ಕರ್ಕೊಂಡು ಬಂದು ನೋಡಿ ಡಾಕ್ಟ್ರೇ ಜ್ವರಾನೇ ಇಲ್ಲ ಅಂತಾರಲ್ಲ, ಅವರನ್ನೆಲ್ಲ ನಲವತ್ತು ವರ್ಷ ಬೈದಿದ್ದೀನಿ ನಾನು, ನಲವತ್ತು ವರ್ಷ, ಎಂದು ನಗಲು ಶುರು ಮಾಡಿದರು, ನಗು ನಿಲ್ಲುತ್ತಲೇ ಇಲ್ಲ, ಕಣ್ಣು ಒರೆಸಿಕೊಳ್ಳುತ್ತ ನನ್ನ ಗ್ರೀಸಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದರು, ನೀವು ಮಾತ್ರ ಹಣೆ ಮುಟ್ಟಿ ನೋಡಿದ್ರಿ ಕಣಮ್ಮ, ಹಿಂದಿನಿಂದ ತೊಳೆಯುವವನು ಕೂಗಿದ, ನಮ್ಮ ಕಿವಿಯಮ್ಮಂಗೆ ಜೈ, ಯಾರೋ ಸ್ಪ್ಯಾನರಿನಲ್ಲಿ ಡಬ್ಬ ಬಡಿದರು, ಇನ್ನೊಬ್ಬರು, ಮತ್ತೊಬ್ಬರು, ತಗಡಿನ ಸೂರೇ ಅದುರುವಂತೆ ಗ್ಯಾರೇಜೆಲ್ಲ ಬಡಿದುಕೊಳ್ಳುತ್ತಿದೆ, ಕಬ್ಬಿಣದ ಗಲಾಟೆ, ಅತ್ತೇ, ಕೇಳಿಸ್ತಿದೆಯಾ, ಕಬ್ಬಿಣದ ಗಲಾಟೆ — ನಾನು ತೋಳು ಸಡಿಲಿಸಿದೆ, ಎಷ್ಟು ಹೊತ್ತಿನಿಂದ ಒತ್ತಿದ್ದೆನೋ, ಭುಜದವರೆಗೂ ಜೋಮು, ಪೆನ್ಸಿಲಿನ ಸುರುಳಿ ಇನ್ನೂ ಅಲ್ಲೇ ಇದೆ, ಚಪ್ಪಟೆಯಾಗಿ, ಎಲ್ಲರಿಗೂ ಕಾಣುವ ಹಾಗೆ, ಕಾಣಲಿ, ನನ್ನ ಮಗಳದು ಅದು, ಮನೆಗೆ ಹೋಗಿ ಅವಳ ಬಲಗಿವಿಯಲ್ಲಿ ಹೇಳಬೇಕು, ಸಿಕ್ತು ಪುಟ್ಟಾ, ಟಕ್ ಸಿಕ್ತು, ಮನೆಗೆ ತರಲು ಕೊಡಲಿಲ್ಲ, ಪರೀಕ್ಷಕ ಅದನ್ನು ಚೀಲಕ್ಕೆ ಹಾಕಿ ಮೊಹರು ಮಾಡುತ್ತಾನಂತೆ, ಈಗಿನ್ನೂ ಹಾಕಿಲ್ಲ, ಈಗಿನ್ನೂ ಬಿಳಿ ಬಟ್ಟೆಯ ಮೇಲೆ, ದೀಪದ ಕೆಳಗೆ, ಉಗುರಿಗಿಂತ ಚಿಕ್ಕದು, ಮೂರು ಸುತ್ತು, ನಾಲ್ಕನೆಯದು ಅರ್ಧ, ತುಕ್ಕು ಹಿಡಿದಿಲ್ಲ, ಸುಟ್ಟಿಲ್ಲ, ಮೊನ್ನೆ ಹುಟ್ಟಿದ ಹಾಗೆ ಹೊಳೆಯುತ್ತ, ಆ ಸುರುಳಿ, ಹುಟ್ಟಿದಾಗಲೇ ಇದ್ದ ಆ ಸುರುಳಿ, ತಟ್ಟೆಯಲ್ಲಿಟ್ಟು ತೋರಿಸಬಹುದಾದ ಆ ಸುರುಳಿ.